ಬಂದು ಹೋಗುವ ದೋಷ

ಸದಾ ಇರುವ ದೋಷವನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮುರಿದ ಬಾಗಿಲು ಯಾವಾಗ ನೋಡಿದರೂ ಮುರಿದೇ ಇರುತ್ತದೆ. ಆದರೆ ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುವ ದೋಷವು ಮನುಷ್ಯನ ಬುದ್ಧಿಯನ್ನು ನಿಜವಾಗಿ ಪರೀಕ್ಷಿಸುತ್ತದೆ. ಮನೆಯಲ್ಲಿ ನಡುಗಿಸುತ್ತಿದ್ದ ಜ್ವರವು ವೈದ್ಯರ ಮುಂದೆ ಕುಳಿತಾಗ ಇಳಿದಿರುತ್ತದೆ. ಸೋರುವ ಮಾಳಿಗೆಯು ಗೌಂಡಿ ಬಂದ ದಿನ ಒಣಗಿರುತ್ತದೆ. ಹಾಗೆಯೇ ದಾರಿಯಲ್ಲಿ ಎಳೆಯಲಾರದೆ ಸೋತ ಗಾಡಿಯು ಗ್ಯಾರೇಜಿನ ಅಂಗಳದಲ್ಲಿ ಹೊಸ ಗಾಡಿಯಂತೆ ಗುಡುಗುತ್ತದೆ. ಇಂತಹ ದೋಷವನ್ನು ಹಿಡಿಯಲು ಹಣಕ್ಕಿಂತ ಮೊದಲು ಕ್ರಮವು ಬೇಕು ಎಂಬುದನ್ನು ನಮ್ಮ ಮನೆಯ ಒಂದು ಹಳೆಯ ಡೀಸೆಲ್ ಕಾರಿನ ನೆಪದಲ್ಲಿ ವಾಚಕರೊಡನೆ ಹಂಚಿಕೊಳ್ಳಲು ಬಯಸುತ್ತೇವೆ. ನಮ್ಮ ಓದುಗರ ಮನೆಗಳಲ್ಲಿ ಇಂತಹ ಗಾಡಿಗಳು ಇನ್ನೂ ಅನೇಕ ಇರುವುದರಿಂದ ಈ ಬರಹವು ಕೆಲವರಿಗಾದರೂ ಉಪಯೋಗವಾದೀತು.

ನಮ್ಮದು ಬೈಲಹೊಂಗಲ ಸೀಮೆಯ ಒಕ್ಕಲು ಮನೆ. 2009ರಲ್ಲಿ ಕೊಂಡ ಆ ಡೀಸೆಲ್ ಕಾರು 2021ರ ಹೊತ್ತಿಗೆ ಒಂದು ಲಕ್ಷ ಅರವತ್ತು ಸಾವಿರ ಕಿಲೋಮೀಟರು ಓಡಿತ್ತು. ಮದುವೆ, ಮುಂಜಿವೆ, ಸಂತೆ, ಬಿತ್ತನೆಯ ಬೀಜ, ಬೀಗರ ಬರವು ಎಲ್ಲಕ್ಕೂ ಅದೊಂದೇ ಆಸರೆಯಾಗಿತ್ತು. ನಮ್ಮ ಅತ್ತಿಗೆಯವರಿಗೆ ಮೂತ್ರಪಿಂಡಗಳು ಸೋತು, ವಾರಕ್ಕೆ ಎರಡು ಸಲ ಬೆಳಗಾವಿಯಲ್ಲಿ ಡಯಾಲಿಸಿಸ್ ಆರಂಭವಾದ ಮೇಲಂತೂ ಅದು ಅನುಕೂಲದ ವಸ್ತುವಾಗಿ ಉಳಿಯದೆ ಅವಶ್ಯಕತೆಯೇ ಆಯಿತು. ನಾಲ್ಕು ಗಂಟೆಗಳ ಚಿಕಿತ್ಸೆಯ ನಂತರ ಆ ಜೀವಕ್ಕೆ ಕುಳಿತುಕೊಳ್ಳುವ ಶಕ್ತಿಯೂ ಇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೇ ಮರಳಿ ತರಬೇಕಾಗುತ್ತಿತ್ತು.

2021ರ ನವೆಂಬರಿನಲ್ಲಿ ಗಾಡಿಗೆ ಈ ರೋಗ ಅಂಟಿತು. ಹೆದ್ದಾರಿಯಲ್ಲಿ ಚೆನ್ನಾಗಿ ಓಡುತ್ತಿರುವಾಗಲೇ ಒಮ್ಮೆಲೆ ಎಳೆತ ಕಡಿಮೆಯಾಗುತ್ತಿತ್ತು. ಎಕ್ಸಲೇಟರನ್ನು ಪೂರ್ತಿ ತುಳಿದರೂ ವೇಗವು ಎಂಬತ್ತರಿಂದ ನಲವತ್ತಕ್ಕೆ ಇಳಿಯುತ್ತಿತ್ತು. ಕೆಲವು ಸಲ ಎಂಜಿನ್ನಿನ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು, ಕೆಲವು ಸಲ ಇಲ್ಲ. ಕಬ್ಬಿನ ಹಂಗಾಮು ಆಗ ಜೋರಾಗಿತ್ತು. ನಮ್ಮ ಭಾಗದ ರಸ್ತೆಗಳಲ್ಲಿ ಆ ದಿನಗಳಲ್ಲಿ ಎರಡೆರಡು ಟ್ರೈಲರುಗಳಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲೇ ಇರುತ್ತದೆ. ಅಂತಹ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕುವ ಹೊತ್ತಿನಲ್ಲಿ, ಎದುರಿನಿಂದ ಲಾರಿ ಬರುತ್ತಿರುವಾಗ, ಗಾಡಿಯ ಬಲ ಹೋಯಿತು. ನಮ್ಮ ಮಗನು ಎದೆಗೆಡದೆ ಬ್ರೇಕು ತುಳಿದು ಮತ್ತೆ ಟ್ರ್ಯಾಕ್ಟರಿನ ಹಿಂದಕ್ಕೇ ಸರಿದುಕೊಂಡನು. ಹಿಂದಿನ ಸೀಟಿನಲ್ಲಿ ಅತ್ತಿಗೆಯವರು ಮಲಗಿದ್ದರು. ಅಂದಿನಿಂದ ಇದು ರಿಪೇರಿಯ ಮಾತಾಗಿ ಉಳಿಯಲಿಲ್ಲ, ಜೀವದ ಮಾತಾಯಿತು.

ಪಟ್ಟಣದ ಒಂದು ದೊಡ್ಡ ಗ್ಯಾರೇಜಿನಲ್ಲಿ ಸ್ಕ್ಯಾನರು ಹಚ್ಚಿ ನೋಡಿದರು. ಪಿ-0087 ಎಂಬ ಸಂಕೇತ ಬಂದಿತು. ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ ಒತ್ತಡವು ಬೇಕಾದಷ್ಟಿಲ್ಲ ಎಂಬುದು ಅದರ ಅರ್ಥ. ಹೈ ಪ್ರೆಶರ್ ಪಂಪು, ನಾಲ್ಕೂ ಇಂಜೆಕ್ಟರುಗಳು ಬದಲಾಗಬೇಕೆಂದು ಹೇಳಿ ತೊಂಬತ್ತು ಸಾವಿರ ರೂಪಾಯಿಗಳ ಅಂದಾಜು ಬರೆದುಕೊಟ್ಟರು. ಅಷ್ಟು ಖರ್ಚು ಮಾಡಿದ ಮೇಲೆ ದೋಷ ಹೋಗುವುದು ಖಂಡಿತವೇ ಎಂದು ಕೇಳಿದರೆ, “ಹಾಕಿ ನೋಡಬೇಕು” ಎಂಬ ಉತ್ತರ ಬಂದಿತು. ಮಗನು, ಗಾಡಿಯನ್ನು ಬಂದ ಬೆಲೆಗೆ ಕೊಟ್ಟು ಸಾಲ ಮಾಡಿ ಹೊಸದನ್ನು ತರೋಣವೆಂದನು. ಅದನ್ನು ಕೇಳಿದ ಅತ್ತಿಗೆಯವರು, “ನನ್ನ ಸಲುವಾಗಿ ಸಾಲಾ ಮಾಡಬ್ಯಾಡ್ರಿ. ನಾ ಬಸ್ಸಿನಾಗ ಹೋಗಿ ಬರ್ತೀನಿ” ಎಂದರು. ಬಸ್ಸಿನಲ್ಲಿ ಅವರು ಹೋಗಬಲ್ಲರು, ಬರಲಾರರು ಎಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು.

ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ ಮತ್ತು ಅಷ್ಟಿಷ್ಟು ವೈದ್ಯವನ್ನು ಓದಿದವರು. ಆದರೆ ರೋಗನಿರ್ಣಯಕ್ಕೆ ನಮ್ಮ ಪ್ರಾಚೀನ ವೈದ್ಯರು ಹೇಳಿದ ಐದು ಸಾಧನಗಳು ಯಂತ್ರಕ್ಕೂ ಸಲ್ಲುತ್ತವೆ ಎಂಬುದು ಆಗ ನಮಗೆ ತೋರಿತು. ನಿದಾನವೆಂದರೆ ಕಾರಣ, ಪೂರ್ವರೂಪವೆಂದರೆ ಮುನ್ಸೂಚನೆ, ರೂಪವೆಂದರೆ ಲಕ್ಷಣ, ಉಪಶಯವೆಂದರೆ ಯಾವುದರಿಂದ ಶಮನವಾಗುತ್ತದೆಂದು ಪ್ರಯೋಗಿಸಿ ನೋಡುವುದು, ಸಂಪ್ರಾಪ್ತಿಯೆಂದರೆ ಕಾರಣದಿಂದ ಲಕ್ಷಣದವರೆಗೆ ರೋಗವು ನಡೆದು ಬಂದ ದಾರಿ. ಸ್ಕ್ಯಾನರು ಹೇಳಿದ ಸಂಕೇತವು ಇವುಗಳಲ್ಲಿ ಕೇವಲ ರೂಪ. ಮೈ ಬಿಸಿಯಾಗಿದೆ ಎಂದು ಥರ್ಮಾಮೀಟರು ಹೇಳಿದಂತೆ ಅದು. ಯಾವ ಜ್ವರವೆಂಬುದನ್ನು ಅದು ಹೇಳುವುದಿಲ್ಲ.

ನಮ್ಮ ಊರಿನ ಹಿರಿಯ ಮಿಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ಸಂಕೇತದ ಚೀಟಿಯನ್ನು ಓದಿ ಮಡಚಿಟ್ಟು, “ಶಾಸ್ತ್ರಿಗಳ, ಗಾಡಿ ಸುಳ್ಳ ಹೇಳೂದಿಲ್ಲರಿ. ನಾವ ಅದರ ಮಾತ ಪೂರ್ತಿ ಕೇಳೂದಿಲ್ಲ. ಮೂರ ವಾರ ಬರದ ಇಡ್ರಿ” ಎಂದರು. ಅಲ್ಲಿಯವರೆಗೆ ಐವತ್ತರ ಮೇಲೆ ಓಡಿಸಬಾರದು, ಯಾರನ್ನೂ ಹಿಂದೆ ಹಾಕಬಾರದು ಎಂದು ಕಟ್ಟಪ್ಪಣೆ ಮಾಡಿದರು. ಆಸ್ಪತ್ರೆಯ ದಿನಗಳಿಗೆ ನೆರೆಮನೆಯವರ ಗಾಡಿಯನ್ನು ಗೊತ್ತುಮಾಡಿಕೊಂಡು, ನಮ್ಮ ಗಾಡಿಯನ್ನು ಖಾಲಿಯಾಗಿ ಓಡಿಸಿ, ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆಯುತ್ತ ಬಂದೆವು. ದೋಷ ಬಂದ ಹೊತ್ತು, ಹೊರಟು ಎಷ್ಟು ನಿಮಿಷವಾಗಿತ್ತು, ಏರೋ ಇಳಿಜಾರೋ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಏಸಿ ನಡೆದಿತ್ತೋ ಇಲ್ಲವೋ, ಹೊಗೆ ಬಂದಿತೋ ಇಲ್ಲವೋ, ಹೇಗೆ ಸರಿಹೋಯಿತು, ಹೀಗೆ ಏಳು ಮನೆಗಳನ್ನು ಗೆರೆ ಹಾಕಿಕೊಂಡಿದ್ದೆವು.

ಮೂರು ವಾರಗಳಲ್ಲಿ ಹನ್ನೊಂದು ಸಲ ದೋಷ ಬಂದಿತು. ಹನ್ನೊಂದರಲ್ಲಿ ಒಮ್ಮೆಯೂ ಮೊದಲ ಇಪ್ಪತ್ತು ನಿಮಿಷಗಳಲ್ಲಿ ಬಂದಿರಲಿಲ್ಲ. ಒಂಬತ್ತು ಸಲ ಏರಿನಲ್ಲಿ ಬಂದಿತ್ತು. ಎಂಟು ಸಲ ಟ್ಯಾಂಕು ಅರ್ಧಕ್ಕಿಂತ ಕಡಿಮೆಯಿತ್ತು. ಏಸಿಗೂ ಬಿಸಿಲಿಗೂ ಸಂಬಂಧ ಕಾಣಲಿಲ್ಲ. ಎಲ್ಲಕ್ಕಿಂತ ಹೆಚ್ಚು ಬೆಳಕು ಕೊಟ್ಟದ್ದು ಕೊನೆಯ ಮನೆ. ಗಾಡಿಯನ್ನು ಬಂದುಮಾಡಿ ಕೂಡಲೇ ಚಾಲೂ ಮಾಡಿದರೆ ಬಲ ಮರಳುತ್ತಿತ್ತು, ಆದರೆ ಎರಡು ಮೂರು ಕಿಲೋಮೀಟರಿನಲ್ಲಿ ಮತ್ತೆ ಹೋಗುತ್ತಿತ್ತು. ಹದಿನೈದು ನಿಮಿಷ ನಿಲ್ಲಿಸಿ ಹೊರಟರೆ ಇಪ್ಪತ್ತು ಕಿಲೋಮೀಟರಿನವರೆಗೆ ತೊಂದರೆಯಿರುತ್ತಿರಲಿಲ್ಲ.

ಈ ಭೇದವನ್ನು ಗಮನಿಸಬೇಕು. ಈ ಕಾಲದ ಗಾಡಿಗಳಲ್ಲಿ ಒಂದು ಕಂಪ್ಯೂಟರು ಎಂಜಿನ್ನನ್ನು ಕಾಯುತ್ತಿರುತ್ತದೆ. ಏನಾದರೂ ಅಳತೆ ತಪ್ಪಿದರೆ ಅದು ಎಂಜಿನ್ ಕೆಡದಿರಲೆಂದು ತಾನೇ ಬಲವನ್ನು ತಗ್ಗಿಸುತ್ತದೆ. ಚಾವಿ ತಿರುಗಿಸಿ ಬಂದುಮಾಡಿ ಮತ್ತೆ ಚಾಲೂ ಮಾಡಿದಾಗ ಅನೇಕ ಸಲ ಆ ತಡೆ ಸಡಿಲುತ್ತದೆ. ಅದನ್ನು ಕಂಡ ಜನರು ಕಂಪ್ಯೂಟರೇ ಕೆಟ್ಟಿದೆಯೆಂದೋ ವೈರಿನ ದೋಷವೆಂದೋ ತಿಳಿಯುತ್ತಾರೆ. ಇಲ್ಲಿ ಹಾಗಿದ್ದರೆ ನಿಂತ ಹೊತ್ತು ಹೆಚ್ಚಿದಂತೆ ಗುಣವೂ ಹೆಚ್ಚಬೇಕಾಗಿರಲಿಲ್ಲ. ಹದಿನೈದು ನಿಮಿಷಗಳ ವಿಶ್ರಾಂತಿಯಲ್ಲಿ ಗಾಡಿಯೊಳಗೆ ಏನೋ ಒಂದು ವಸ್ತು ತಣ್ಣಗಾಗುತ್ತಿರಬೇಕು, ಇಲ್ಲವೆ ಸರಿದು ಕೆಳಗಿಳಿಯುತ್ತಿರಬೇಕು. ಶೋಧವು ಇಲ್ಲಿಂದ ಮುಂದುವರಿಯಿತು.

ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ ಇದರ ಮೂಲ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಅದರ ಗಾತ್ರದ ಹದಿನಾರು ಹದಿನೆಂಟನೆಯ ಒಂದು ಪಾಲಿಗೆ ಅದುಮಿದಾಗ ಅದು ತಾನೇ ಕಾದು ಕೆಂಡದಂತಾಗುತ್ತದೆ. ಆ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಉರಿ ಹತ್ತುತ್ತದೆ. ಹಾಗೆ ಸಿಂಪಡಿಸಲು ನಮ್ಮ ಗಾಡಿಯಂತಹ ಎಂಜಿನ್ನುಗಳಲ್ಲಿ ಸುಮ್ಮನೆ ನಿಂತಾಗಲೇ ವಾತಾವರಣದ ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚಿನ ಒತ್ತಡ ಬೇಕು. ಪೂರ್ತಿ ಭಾರ ಎಳೆಯುವಾಗ ಅದು ಸಾವಿರದ ನಾನೂರು ಪಟ್ಟನ್ನೂ ಮೀರುತ್ತದೆ. ಏರಿನಲ್ಲಿ ಹೆಚ್ಚಾಗಿ ದೋಷ ಕಾಣುವುದಕ್ಕೆ ಕಾರಣ ಇಲ್ಲಿಯೇ ಇದೆ. ಸಪಾಟು ದಾರಿಯಲ್ಲಿ ಅರೆಹೊಟ್ಟೆಯ ಡೀಸೆಲ್ ಸಾಕಾಗುತ್ತದೆ, ಏರಿನಲ್ಲಿ ಸಾಕಾಗುವುದಿಲ್ಲ.

ಹೀಗೆ ನೋಡಿದರೆ ಎಂಜಿನ್ನಿನ ಬಲ ಹೋಗುವುದಕ್ಕೆ ಮುಖ್ಯವಾಗಿ ಎರಡು ಬಾಗಿಲುಗಳು. ಒಂದು ಗಾಳಿಯದು, ಇನ್ನೊಂದು ಡೀಸೆಲಿನದು. ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಗಾಳಿ ಸಾಲದೆ ಡೀಸೆಲ್ ಹೆಚ್ಚಾದರೆ ಕರಿಹೊಗೆ ಬರುತ್ತದೆ. ಡೀಸೆಲೇ ಸಾಲದಿದ್ದರೆ ಹೊಗೆಯಿಲ್ಲದೆ ಬಲ ಹೋಗುತ್ತದೆ. ತರ್ಕದ ಪಾಠದಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ಎಲ್ಲ ವಿದ್ಯಾರ್ಥಿಗಳೂ ಮೊದಲು ಕಲಿಯುತ್ತಾರೆ. ಇಲ್ಲಿ ನಮಗೆ ಹೊಗೆಯಿಲ್ಲದಿರುವುದೇ ಹೇತುವಾಯಿತು. ಹಿಂದೆ ಮೋಟಾರ್ ಸೈಕಲಿನಲ್ಲಿ ಬರುತ್ತಿದ್ದ ಹುಡುಗನಿಗೆ ಹನ್ನೊಂದರಲ್ಲಿ ಒಮ್ಮೆಯೂ ಕರಿಹೊಗೆ ಕಂಡಿರಲಿಲ್ಲ. ಆದರೂ ಮಿಸ್ತ್ರಿಯವರು ಗಾಳಿಯ ಬಾಗಿಲನ್ನು ನೋಡದೆ ಬಿಡಲಿಲ್ಲ. ಏರ್ ಫಿಲ್ಟರು ಸ್ವಚ್ಛವಾಗಿತ್ತು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪುಗಳನ್ನು ಕೈಯಿಂದ ಹಿಂಡಿ, ಮಡಿಕೆಗಳನ್ನು ಬಿಡಿಸಿ ನೋಡಿದರು. ಹಳೆಯ ಗಾಡಿಗಳಲ್ಲಿ ಈ ಪೈಪಿನ ಸೀಳು ನಿಂತಾಗ ಮುಚ್ಚಿಕೊಂಡಿದ್ದು ಒತ್ತಡ ಬಿದ್ದಾಗ ಮಾತ್ರ ಬಾಯಿ ತೆರೆಯುವುದುಂಟು. ಎಣ್ಣೆಯ ಪಸೆಯ ಗುರುತಿನಿಂದ ಅದನ್ನು ಪತ್ತೆಮಾಡುತ್ತಾರೆ. ನಮ್ಮಲ್ಲಿ ಅಂತಹ ಗುರುತೇನೂ ಇರಲಿಲ್ಲ.

ಇನ್ನು ಡೀಸೆಲಿನ ದಾರಿ. ಇದನ್ನು ಎಂಜಿನ್ನಿನಿಂದ ಟ್ಯಾಂಕಿನ ಕಡೆಗೆ, ಕಡಿಮೆ ಖರ್ಚಿನ ಪರೀಕ್ಷೆಯಿಂದ ಹೆಚ್ಚಿನ ಖರ್ಚಿನದರ ಕಡೆಗೆ ನಡೆದೆವು. ಡೀಸೆಲ್ ಫಿಲ್ಟರನ್ನು ಬದಲಿಸಲಾಯಿತು. ಐದಾರು ದಿನ ಗಾಡಿ ಚೆನ್ನಾಗಿ ಓಡಿ, ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ದೋಷವು ಮತ್ತೆ ಬಂದಿತು. ಬಳಿಕ ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ನಳಿಕೆ ಜೋಡಿಸಿ ನೋಡಿದರು. ಎಲ್ಲಿಯಾದರೂ ಬೆಸುಗೆ ಸಡಿಲವಾಗಿ ಗಾಳಿ ಒಳನುಗ್ಗುತ್ತಿದ್ದರೆ ಅದರಲ್ಲಿ ಗುಳ್ಳೆಗಳು ಓಡುತ್ತವೆ. ಗುಳ್ಳೆಗಳಿರಲಿಲ್ಲ. ದೋಷ ಬಂದ ಕ್ಷಣದಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆವು. ಟ್ಯಾಂಕು ಉಸಿರಾಡುವ ಸಣ್ಣ ರಂಧ್ರ ಮುಚ್ಚಿಹೋಗಿದ್ದರೆ ಮುಚ್ಚಳ ತೆಗೆದೊಡನೆ ಗಾಳಿ ಸುಯ್ಯೆಂದು ಒಳಗೆ ಸೇರಿ ಗಾಡಿ ಸರಿಹೋಗುತ್ತದೆ. ಹಾಗೇನೂ ಆಗಲಿಲ್ಲ. ಮುಂದೆ ನಾಲ್ಕು ಇಂಜೆಕ್ಟರುಗಳಿಂದ ಹಿಂದಿರುಗುವ ಡೀಸೆಲನ್ನು ನಾಲ್ಕು ಸಣ್ಣ ಸೀಸೆಗಳಲ್ಲಿ ಹಿಡಿದರು. ಸವೆದ ಇಂಜೆಕ್ಟರು ಹೆಚ್ಚು ಡೀಸೆಲನ್ನು ಹಿಂದಕ್ಕೆ ಬಿಡುತ್ತದೆ. ನಾಲ್ಕೂ ಸೀಸೆಗಳು ಸರಿಸಮವಾಗಿ ತುಂಬಿದವು.

ಉಳಿದದ್ದು ಎರಡೇ. ಒಂದೋ ಹೈ ಪ್ರೆಶರ್ ಪಂಪಿನ ದೋಷ, ಇಲ್ಲವೆ ಟ್ಯಾಂಕಿನೊಳಗಿನ ದೋಷ. ಎರಡರಲ್ಲಿಯೂ ಒಂದೇ ಸಂಕೇತ, ಒಂದೇ ಲಕ್ಷಣ. ಇಲ್ಲಿ ಮಿಸ್ತ್ರಿಯವರು ಮಾಡಿದ ಪರೀಕ್ಷೆಯನ್ನು ಕಂಡು ನಮಗೆ ನಮ್ಮ ಗುರುಗಳು ತರ್ಕದಲ್ಲಿ ಹೇಳಿಕೊಟ್ಟ ಅನ್ವಯ-ವ್ಯತಿರೇಕಗಳು ನೆನಪಾದವು. ಯಾವುದು ಇದ್ದಾಗ ಕಾರ್ಯವಿರುವುದೋ, ಯಾವುದು ಇಲ್ಲದಾಗ ಕಾರ್ಯವಿಲ್ಲವೋ ಅದು ಕಾರಣ. ಇದ್ದಾಗ ಇರುವುದನ್ನು ಮಾತ್ರ ನೋಡಿ ತೀರ್ಮಾನಿಸುವವನು ಅರ್ಧ ತಾರ್ಕಿಕ. ತೆಗೆದು ನೋಡಿ, ಮತ್ತೆ ಇಟ್ಟು ನೋಡಿದಾಗಲೇ ನಿರ್ಣಯವು ಪೂರ್ಣವಾಗುತ್ತದೆ.

ಅವರು ಹತ್ತು ಲೀಟರಿನ ಒಂದು ಹೊಸ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಎಂಜಿನ್ನಿನ ಬಿಸಿ ತಾಗದ ಕಡೆ ಬಿಗಿಯಾಗಿ ಕಟ್ಟಿದರು. ಟ್ಯಾಂಕಿನಿಂದ ಬರುವ ಪೈಪನ್ನು ಬಿಡಿಸಿ, ಪಂಪು ಈ ಕ್ಯಾನಿನಿಂದಲೇ ಹೀರುವಂತೆ ಮಾಡಿದರು. ಎಂಜಿನ್ನಿನಿಂದ ಹಿಂದಿರುಗುವ ಪೈಪನ್ನೂ ಕ್ಯಾನಿಗೇ ತಂದರು. ಇಲ್ಲವಾದರೆ ಕ್ಯಾನಿನ ಡೀಸೆಲೆಲ್ಲ ಸ್ವಲ್ಪ ಹೊತ್ತಿನಲ್ಲಿ ಟ್ಯಾಂಕಿಗೆ ಹೋಗಿಬಿಡುತ್ತದೆ. ಅವರೇ ಓಡಿಸಿದರು, ಪಕ್ಕದಲ್ಲಿ ಮಗನು ಕುಳಿತನು. ಅದೇ ದಾರಿ, ಅದೇ ಏರು, ಒಂದು ಗಂಟೆಯ ಓಟ. ದೋಷ ಬರಲಿಲ್ಲ. ಮರುದಿನ ಮತ್ತೆ ಕ್ಯಾನಿನಿಂದಲೇ ಓಡಿಸಿದರು, ಬರಲಿಲ್ಲ. ಮೂರನೆಯ ದಿನ ಪೈಪುಗಳನ್ನು ಟ್ಯಾಂಕಿಗೆ ಮರಳಿ ಜೋಡಿಸಿ ಓಡಿಸಿದರು. ಮೂವತ್ತೈದನೆಯ ನಿಮಿಷಕ್ಕೆ, ಅದೇ ಏರಿನಲ್ಲಿ, ಬಲ ಹೋಯಿತು. ಪಂಪು ಕೆಟ್ಟಿದ್ದರೆ ಕ್ಯಾನಿನ ಡೀಸೆಲಿಗೂ ಅದು ಕೆಟ್ಟೇ ಇರಬೇಕಾಗಿತ್ತು. ಆದಕಾರಣ ಪಂಪು ನಿರ್ದೋಷಿ, ಇಂಜೆಕ್ಟರುಗಳೂ ನಿರ್ದೋಷಿಗಳು. ತೊಂಬತ್ತು ಸಾವಿರ ರೂಪಾಯಿಗಳ ಚೀಟಿಯು ಆ ಏರಿನ ಮೇಲೆಯೇ ಬಿದ್ದುಹೋಯಿತು.

ಹಿಂದಿನ ಸೀಟನ್ನು ಎತ್ತಿ, ಅದರ ಕೆಳಗಿನ ತಗಡಿನ ಮುಚ್ಚಳ ಬಿಚ್ಚಿ, ಟ್ಯಾಂಕಿನೊಳಗಿಂದ ಡೀಸೆಲ್ ಹೀರುವ ನಳಿಗೆಯನ್ನು ಹೊರತೆಗೆದರು. ಅದರ ತುದಿಯಲ್ಲಿ ಅಂಗೈ ಅಗಲದ ಒಂದು ಜಾಲರಿ ಇರುತ್ತದೆ. ಅದಕ್ಕೆ ಬೆಲ್ಲದ ಕೊಪ್ಪರಿಗೆಯ ತಳದ ಗಷ್ಟಿನಂತೆ ಕಂದುಗಪ್ಪಿನ ಲೋಳೆ ಮೆತ್ತಿಕೊಂಡಿತ್ತು. ಟ್ಯಾಂಕಿನ ತಳದಲ್ಲಿಯೂ ಅದೇ ಕೆಸರು. ಸಂಪ್ರಾಪ್ತಿಯು ಆಗ ಕಣ್ಣಿಗೆ ಕಟ್ಟಿದಂತಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ, ಮತ್ತೆ 2021ರ ಬೇಸಿಗೆಯಲ್ಲಿ, ಊರಿನ ಎಲ್ಲ ಗಾಡಿಗಳಂತೆ ನಮ್ಮದೂ ಅರ್ಧ ಟ್ಯಾಂಕಿನೊಡನೆ ತಿಂಗಳುಗಟ್ಟಲೆ ನಿಂತಿತ್ತು. ಖಾಲಿಯಿದ್ದ ಭಾಗದ ಗಾಳಿಯ ತೇವವು ರಾತ್ರಿಯ ತಂಪಿಗೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರಿಗಿಂತ ಡೀಸೆಲ್ ಹಗುರವಾದ್ದರಿಂದ ನೀರು ಕೆಳಗೆ ನಿಲ್ಲುತ್ತದೆ. ಆ ನೀರು ಮತ್ತು ಡೀಸೆಲು ಕೂಡುವ ಸಂಧಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಇಂತಹ ಲೋಳೆಯನ್ನು ಉಂಟುಮಾಡುತ್ತವೆ. ಗಾಡಿ ಓಡುವಾಗ ಡೀಸೆಲಿನ ಹರಿವಿನೊಡನೆ ಈ ಕೆಸರು ಮೆಲ್ಲಮೆಲ್ಲನೆ ಜಾಲರಿಗೆ ಬಂದು ಅಂಟುತ್ತದೆ. ಅದಕ್ಕೆ ಅರ್ಧ ಗಂಟೆ ಬೇಕು. ಏರಿನಲ್ಲಿ ಎಂಜಿನ್ ಹೆಚ್ಚು ಕೇಳಿದಾಗ ಹಾದಿ ಸಾಲದಾಗುತ್ತದೆ. ಗಾಡಿ ನಿಂತು ಹೀರುವಿಕೆ ನಿಂತಾಗ ಕೆಸರು ಜಾಲರಿಯಿಂದ ಕಳಚಿ ಕೆಳಗಿಳಿಯುತ್ತದೆ. ಅದಕ್ಕೆ ಹದಿನೈದು ನಿಮಿಷ ಬೇಕು. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದಷ್ಟೂ ಕೆಸರಿನ ಪಾಲು ಹೆಚ್ಚು. ನೋಟುಬುಕ್ಕಿನ ಪ್ರತಿಯೊಂದು ಮನೆಗೂ ಈ ಒಂದೇ ಕಾರಣವು ಉತ್ತರ ಹೇಳಿತು. ನಿಜವಾದ ಕಾರಣದ ಲಕ್ಷಣವೇ ಅದು: ಅದು ಒಂದು ಪ್ರಶ್ನೆಯನ್ನು ತೀರಿಸಿ ಇನ್ನೊಂದನ್ನು ಬಿಡುವುದಿಲ್ಲ.

ಟ್ಯಾಂಕನ್ನು ಇಳಿಸಿ ತೊಳೆದು ಒಣಗಿಸಿದರು. ಹೊಸ ಜಾಲರಿ, ಇನ್ನೊಂದು ಹೊಸ ಫಿಲ್ಟರು ಹಾಕಿದರು. ಕೂಲಿಯೂ ಸೇರಿ ಒಟ್ಟು ಖರ್ಚು ಆರು ಸಾವಿರ ರೂಪಾಯಿಗಳ ಒಳಗೇ ಮುಗಿಯಿತು. ಹೊಸ ಕಾರಿನ ಸಾಲದ ಮಾತು ಅಲ್ಲಿಗೇ ನಿಂತಿತು. ಅತ್ತಿಗೆಯವರ ಹಾಸಿಗೆಯನ್ನು ಮತ್ತೆ ಹಿಂದಿನ ಸೀಟಿಗೆ ಹಾಸಲಾಯಿತು. 2024ರಲ್ಲಿ ಗಾಡಿಗೆ ಹದಿನೈದು ವರ್ಷ ತುಂಬಿದಾಗ ತಪಾಸಣೆಯಲ್ಲಿ ತೇರ್ಗಡೆಯಾಗಿ ಇನ್ನೈದು ವರ್ಷಕ್ಕೆ ನೋಂದಣಿಯೂ ದೊರೆಯಿತು.

ಗೃಹಸ್ಥರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಮಿಸ್ತ್ರಿಯವರ ಅನುಭವದಿಂದಲೇ ಆರಿಸಿ ಇಲ್ಲಿ ಹೇಳುತ್ತೇವೆ. ಡೀಸೆಲ್ ಗಾಡಿಯನ್ನು ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕನ್ನು ತುಂಬಿಸಿ ನಿಲ್ಲಿಸಬೇಕು, ತೇವಕ್ಕೆ ಆಗ ಜಾಗವಿರುವುದಿಲ್ಲ. ಅನೇಕ ಗಾಡಿಗಳ ಫಿಲ್ಟರಿನ ಕೆಳಗೆ ನೀರು ಬಸಿಯುವ ಒಂದು ತಿರುಪು ಇರುತ್ತದೆ. ಮಳೆಗಾಲ ಮುಗಿದ ಮೇಲೊಮ್ಮೆ ಅದನ್ನು ಬಿಡಿಸಿ ನೀರು ತೆಗೆಸಬೇಕು. ಫಿಲ್ಟರನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದ ಅವಧಿಗೆ ತಪ್ಪದೆ ಬದಲಿಸಬೇಕು. ಹೊಸ ಫಿಲ್ಟರು ಹಾಕಿದ ಕೆಲವೇ ದಿನಗಳಲ್ಲಿ ತೊಂದರೆ ಮರಳಿದರೆ, ಹಳೆಯ ಫಿಲ್ಟರನ್ನು ಕೊಯ್ದು ಅದರೊಳಗೆ ಏನಿದೆಯೆಂದು ನೋಡಬೇಕು. ಟ್ಯಾಂಕಿನ ಸುದ್ದಿಯನ್ನು ಅದು ಹೇಳುತ್ತದೆ. ಎಂಜಿನ್ ನಡೆಯುವಾಗ ಹೈ ಪ್ರೆಶರ್ ಪೈಪುಗಳ ತಿರುಪನ್ನು ಯಾರೂ ಸಡಿಲಿಸಬಾರದು. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಸೇರಿ ಕೈಯನ್ನೇ ಕಳೆದೀತು. ಕ್ಯಾನಿನ ಪರೀಕ್ಷೆಯನ್ನು ತಿಳಿದ ಮಿಸ್ತ್ರಿಯೇ ಮಾಡಬೇಕು, ಮನೆಯವರು ಮಾಡಬಾರದು.

ದಾರಿಯಲ್ಲಿ ಬಲ ಹೋದರೆ ಎಕ್ಸಲೇಟರನ್ನು ಮತ್ತೆ ಮತ್ತೆ ತುಳಿಯುತ್ತ ನಡುರಸ್ತೆಯಲ್ಲಿ ಉಳಿಯಬಾರದು. ನಾಲ್ಕೂ ಕಡೆಯ ಇಂಡಿಕೇಟರು ಹಚ್ಚಿ ಎಡಕ್ಕೆ ಸರಿದು ನಿಲ್ಲಬೇಕು. ಒಮ್ಮೆ ಇಂತಹ ದೋಷ ತೋರಿದ ಗಾಡಿಯಲ್ಲಿ, ಕಾರಣ ಸಿಕ್ಕುವವರೆಗೆ ಬೇರೆ ವಾಹನವನ್ನು ಹಿಂದೆ ಹಾಕುವ ಸಾಹಸವೇ ಬೇಡ. ತಾನಾಗಿಯೇ ಸರಿಹೋಯಿತೆಂದು ಸುಮ್ಮನಾಗುವುದೂ ತರವಲ್ಲ. ಕಾರಣವನ್ನು ತೆಗೆಯದೆ ಹೋದ ದೋಷವು ಹೋಗಿರುವುದಿಲ್ಲ, ನಿಂತು ಕಾಯುತ್ತಿರುತ್ತದೆ.

ಯಾರಾದರೂ ಬೆಲೆಬಾಳುವ ಬಿಡಿಭಾಗವನ್ನು ಬದಲಿಸಬೇಕೆಂದು ಹೇಳಿದಾಗ, ಅದು ಕೆಟ್ಟಿದೆಯೆಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ವಿನಯದಿಂದ ಕೇಳುವ ಹಕ್ಕು ಹಣ ಕೊಡುವವನಿಗೆ ಉಂಟು. ಹಾಗೆ ಕೇಳುವ ಮೊದಲು ನಮ್ಮ ಕೈಯಲ್ಲಿಯೂ ನಾಲ್ಕು ಸಾಲಿನ ಬರಹವಿರಬೇಕು. ಹತ್ತು ರೂಪಾಯಿಯ ನೋಟುಬುಕ್ಕು ಒಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳಿರಿ. ಡೀಸೆಲ್ ಹಾಕಿಸಿದ ದಿನ, ಓಡಿದ ಕಿಲೋಮೀಟರು, ಬದಲಿಸಿದ ಬಿಡಿಭಾಗ, ಕಂಡ ತೊಂದರೆ ಇಷ್ಟನ್ನು ಬರೆದಿಡುವ ಅಭ್ಯಾಸ ಮನೆಯ ಮಕ್ಕಳಿಗೂ ಆಗಲಿ. ಹೆದ್ದಾರಿಯ ಮೇಲೆ ನಮ್ಮನ್ನು ನಂಬಿ ಹಿಂದಿನ ಸೀಟಿನಲ್ಲಿ ಕುಳಿತವರ ಕ್ಷೇಮವು ಅಷ್ಟು ಶ್ರಮವನ್ನು ನಮ್ಮಿಂದ ಬೇಡುತ್ತದೆ.